ಲಾರಿಯ ಬ್ಯಾಟರಿ, ಹಾಯಿದೋಣಿಯ ದೀಪ

ಹನ್ನೊಂದು ಹಾಯಿದೋಣಿಗಳಿಗೆ ಲಾರಿ ಸ್ಟಾರ್ಟ್ ಮಾಡುವ ಬ್ಯಾಟರಿ ಕೊಟ್ಟರು. ಕೊಡುವ ಮೊದಲು ಹಳೆಯ ಚೀಟಿಯ ಮೇಲೆ ‘ದೋಣಿಯ ಮನೆ ಬ್ಯಾಟರಿ’ ಎಂಬ ಹೊಸ ಚೀಟಿ ಅಂಟಿಸಿದರು. ಕೊಟ್ಟದ್ದು ಬಂದರಿನ ಉಗ್ರಾಣ.

ನಾಲ್ಕನೆಯ ತಿಂಗಳು, ಮಂಜು ಕವಿದ ಒಂದು ಬೆಳಿಗ್ಗೆ, ಆ ಹನ್ನೊಂದರಲ್ಲಿ ಒಂದು ದೋಣಿಯ ದೀಪ ಆರಿತು, ರೇಡಿಯೊ ಸತ್ತಿತು, ನೀರೆತ್ತುವ ಪಂಪು ನಿಂತಿತು. ದೋಣಿಯವನು ಬಕೆಟ್ಟಿನಲ್ಲಿ ನೀರು ಮೊಗೆದು ಚೆಲ್ಲುತ್ತಲೇ ಮಧ್ಯಾಹ್ನಕ್ಕೆ ದಡ ಸೇರಿದ. ಬ್ಯಾಟರಿಯಿಂದ ಚೆಲ್ಲಿದ ಆಸಿಡ್ಡು ಅವನ ಎಡ ಮುಂಗೈ ಸುಟ್ಟಿತ್ತು.

ಮಾರನೆಯ ದಿನ ಉಗ್ರಾಣದ ಮ್ಯಾನೇಜರು ಒಂದು ಕಾಗದ ಕಳಿಸಿದ. ‘ನಮ್ಮ ಅಜಾಗರೂಕತೆಯಿಂದಲೇ ಬ್ಯಾಟರಿ ಹಾಳಾಗಿದೆ’ ಎಂದು ಅದರಲ್ಲಿ ಟೈಪು ಮಾಡಿತ್ತು. ಸಹಿ ಹಾಕಿದರೆ ಹೊಸ ಬ್ಯಾಟರಿ, ಜೊತೆಗೆ ಮತ್ತೆ ಕಡಲಿಗಿಳಿಯುವ ಪರವಾನಗಿ. ಹಾಕದಿದ್ದರೆ ದೋಣಿ ಕಟ್ಟಿದಲ್ಲೇ ಇರಬೇಕು.

ಸಹಿ ಹಾಕಬೇಕಾದವಳು ದೋಣಿಯವನ ತಾಯಿ. ದೋಣಿ ಅವಳ ಹೆಸರಿನಲ್ಲಿದೆ. ಹಾಯಿ ಹೊಲಿಯುವುದು ಅವಳ ಕಸುಬು. ಮುಂದಿನ ಕೋಣೆಯ ತುಂಬ ಕ್ಯಾನ್ವಾಸು. ಬಂದವರು ಯಾವುದಾದರೊಂದು ಹಾಯಿಯ ಮೇಲೆಯೇ ಕೂರಬೇಕು.

“ಪೆನ್ನು ಎಲ್ಲಿಟ್ಟಿದ್ದೀಯೇ?” ಎಂದಳು ಅವಳು.

“ಯಾಕತ್ತೆ?” ಸೊಸೆ ಬಾಗಿಲಲ್ಲೇ ನಿಂತು ಕೇಳಿದಳು. ಅವಳು ದೋಣಿ ರಿಪೇರಿ ಶೆಡ್ಡಿನಲ್ಲಿ ವೈರಿಂಗ್ ಕೆಲಸದವಳು.

“ಯಾಕೆ ಅಂದ್ರೆ? ದೋಣಿ ಕೆಸರಲ್ಲಿ ಕೂತ್ರೆ ಏನು ತಿನ್ನೋದು, ಹಾಯಿಬಟ್ಟೆನಾ? ಬ್ಯಾಟರಿ ಅಂದ್ರೆ ಬ್ಯಾಟರಿ. ಒಂದು ಕೆಟ್ಟುಹೋಯ್ತು, ಇನ್ನೊಂದು ಕೊಡ್ತಾರೆ.”

“ಅಂಥದ್ದೇ ಕೊಡ್ತಾರೆ. ಸುಟ್ಕೊಳ್ಳೋಕೆ ನಿಮ್ಮ ಮಗನಿಗೆ ಇನ್ನೂ ಒಂದು ಕೈ ಇದೆ ಅಂತಾನಾ?”

“ನನ್ನ ಕೈ ವಿಷಯ, ನನ್ನನ್ನೂ ಒಂದು ಮಾತು ಕೇಳಿ,” ಎಂದ ಮಗ, ಬ್ಯಾಂಡೇಜು ಕಟ್ಟಿದ ಕೈ ಎತ್ತಿ. ಯಾರೂ ಕೇಳಲಿಲ್ಲ. ಅವನೇ ಹೇಳಿದ: “ತಪ್ಪು ನಂದೂ ಇದೆ ಕಣಮ್ಮ. ನೀರಿಳಿದು ದೋಣಿ ಕೆಸರಲ್ಲಿ ವಾಲಿಕೊಂಡಿದ್ದಾಗ ಬ್ಯಾಟರಿಗೆ ನೀರು ತುಂಬಿಸ್ದೆ. ವಾಲಿದ್ದಾಗ ಮಟ್ಟ ಕಮ್ಮಿ ಕಾಣ್ತು. ದೋಣಿ ನೆಟ್ಟಗಾದ್ಮೇಲೆ ನೋಡಿದ್ರೆ ಕಂಠಪೂರ್ತಿ. ಗಾಳಿಗೆ ಬಾಗಿದ ಕೂಡಲೇ ಚೆಲ್ತು.”

“ಕೇಳಿಸ್ಕೊಂಡ್ಯಾ?” ಎಂದಳು ತಾಯಿ, ಗೆದ್ದವಳ ಹಾಗೆ.

“ಕೈ ಸುಟ್ಟಿದ್ದು ಅದಕ್ಕೆ ಅತ್ತೆ. ಅದನ್ನ ಹತ್ತು ಜನರ ಮುಂದೆ ಒಪ್ಕೋತೀವಿ. ಆದ್ರೆ ದೀಪ ಆರಿದ್ದು ಅದಕ್ಕಲ್ಲ.”

ಸೊಸೆ ಚೀಲದಿಂದ ಎರಡು ಸೀಸದ ಹಲಗೆಗಳನ್ನು ತೆಗೆದಳು. ಶೆಡ್ಡಿನಲ್ಲಿ ಕಲಿಸುವುದಕ್ಕೆಂದು ಇಟ್ಟ ಮಾದರಿಗಳು. ಚೆನ್ನಾಗಿ ತೊಳೆದು ಪ್ಲಾಸ್ಟಿಕ್ ಹೊದಿಸಿದ್ದರು. “ಇವು ಬ್ಯಾಟರಿ ಒಳಗಿರೋವು. ಕಣ್ಣು ಮುಚ್ಕೊಂಡು ಮುಟ್ಟಿ ನೋಡಿ.”

ಅತ್ತೆ ಬಟ್ಟೆ ನೋಡುವಂತೆಯೇ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ನೋಡಿದಳು. “ಇದು ಅಂಗಿ ಬಟ್ಟೆ. ಇದು ಹಾಯಿಬಟ್ಟೆ.”

“ತೆಳ್ಳಗಿರೋದು ಲಾರೀದು, ನಮಗೆ ಕೊಟ್ಟಿದ್ದೂ ಅದೇ. ಒಂದೇ ಏಟಿಗೆ ಎಂಜಿನ್ ಎಬ್ಬಿಸಿ ಮಲಗೋದಷ್ಟೇ ಅದರ ಕೆಲಸ. ದಿನಾ ಬರಿದು ಮಾಡಿದ್ರೆ ಕೆಲವೇ ತಿಂಗಳಲ್ಲಿ ಸಾಯುತ್ತೆ. ದಪ್ಪಗಿರೋದು ಡೀಪ್ ಸೈಕಲ್. ದೀಪ, ರೇಡಿಯೊ, ಪಂಪು ಅಂತ ದಿನವಿಡೀ ಸ್ವಲ್ಪ ಸ್ವಲ್ಪ ಕೊಡ್ತಾನೇ ಇರುತ್ತೆ. ದೋಣಿಯೊಳಗಿನ ಮನೆ ನಡೆಸೋದು ಅದು. ಅದಕ್ಕೇ ಮನೆ ಬ್ಯಾಟರಿ ಅನ್ನೋದು.”

ಅತ್ತೆ ತೆಳ್ಳಗಿನ ಹಲಗೆಯನ್ನು ಕೆಳಗಿಟ್ಟಳು. “ಅಂಗಿ ಬಟ್ಟೇಲಿ ಹಾಯಿ ಹೊಲಿದು ಕೊಟ್ಟು, ಹರಿದಾಗ ನಿಂಗೆ ದೋಣಿ ನಡೆಸೋಕೆ ಬರಲ್ಲ ಅಂದ ಹಾಗೆ.”

“ಹಾಗೇ.”

“ನಾನು ಹಾಗೆ ಮಾಡಿದ್ರೆ ಸೂಜಿ ಕಿತ್ಕೊಂಡು ಓಡಿಸ್ತಿದ್ರು.” ಅವಳು ದಪ್ಪ ಹಲಗೆಯನ್ನು ಕೆಳಗಿಡಲಿಲ್ಲ. “ಮತ್ತೆ ನಮಗೆ ಬೇಕಾದ್ದು ಯಾವುದು?”

“ನೀರು ಹಾಕೋ ಡೀಪ್ ಸೈಕಲ್ ಅಗ್ಗ. ಆದ್ರೆ ಗಾಳಿಯಾಡೋ ಜಾಗ ಬೇಕು, ನೆಟ್ಟಗೂ ಇರ್ಬೇಕು. ನಮ್ಮ ದೋಣಿ ವಾಲದೇ ಇರೋ ದಿನ ಯಾವ್ದು? ಎಜಿಎಂ ಅಂತ ಇದೆ. ಬಾಯಿ ಮುಚ್ಚಿರುತ್ತೆ...”

“ಮನೇಲಿ ಅಂಥದ್ದೊಂದು ಬೇಕಿತ್ತು ಬಿಡು,” ಎಂದಳು ಅತ್ತೆ.

“...ವಾಲಿದ್ರೂ ಚೆಲ್ಲಲ್ಲ, ನೀರೂ ಕೇಳಲ್ಲ. ಅರ್ಧಕ್ಕಿಂತ ಕೆಳಗೆ ಇಳಿಸ್ಬಾರ್ದು ಅಷ್ಟೆ. ಅದಕ್ಕೇ ಒಂದು ದಿನಕ್ಕೆ ಬೇಕಾದ್ದರ ಎರಡರಷ್ಟು ಇರ್ಬೇಕು. ಲಿಥಿಯಂ ಹಗುರ, ತುಂಬಾ ಬಾಳುತ್ತೆ. ಆದ್ರೆ ಅದರದ್ದೇ ಚಾರ್ಜರ್ ಬೇಕು, ಕಾವಲಿಗೆ ಒಂದು ಸರ್ಕ್ಯೂಟೂ ಬೇಕು. ನಮ್ಮ ಹಳೇ ಚಾರ್ಜರಿಗೆ ಸಿಕ್ಕಿಸಿದ್ರೆ ಅಪಾಯ. ನಮಗೆ ಎಜಿಎಂ ಸಾಕು.”

ಅಷ್ಟರಲ್ಲಿ ಮ್ಯಾನೇಜರೇ ಬಂದ. ಹಿಂದೆ ತಳ್ಳುಗಾಡಿಯಲ್ಲಿ ಹೊಸ ಬ್ಯಾಟರಿ.

“ಸಹಿ ಆಯ್ತೇನಮ್ಮಾ?”

ಅವಳು ಎದ್ದು, ಹಾಯಿ ಹೊಲಿಯುವ ದಪ್ಪ ಸೂಜಿಯನ್ನು ಆ ಬ್ಯಾಟರಿಯ ಚೀಟಿಯ ಅಂಚಿಗೆ ತೂರಿಸಿ ಎತ್ತಿದಳು. ಹೊಸ ಚೀಟಿ ಸಲೀಸಾಗಿ ಎದ್ದು ಬಂತು. ಕೆಳಗಿನ ಚೀಟಿಯಲ್ಲಿ ಲಾರಿಯ ಚಿತ್ರ.

“ಅದೆಲ್ಲ ನಿಮಗ್ಯಾಕೆ? ಓದೋ ಕೆಲಸ ನಮ್ಮದು,” ಎಂದು ಮ್ಯಾನೇಜರು ಪೆನ್ನು ಚಾಚಿದ.

ಪೆನ್ನು ಅಲ್ಲೇ ಇರಲಿ. ಇದನ್ನು ಓದುತ್ತಿರುವ ದೋಣಿಯವರೇ, ನಿಮ್ಮ ಹತ್ತಿರ ಒಂದು ಮಾತು. ಇವತ್ತೇ ನಿಮ್ಮ ದೋಣಿಗಿಳಿದು ಬ್ಯಾಟರಿಯ ಚೀಟಿ ಓದಿ. ಬರೀ ಕ್ರ್ಯಾಂಕಿಂಗ್ ಲೆಕ್ಕವಿದ್ದರೆ ಅದು ಎಂಜಿನ್ ಎಬ್ಬಿಸುವುದು. ಡೀಪ್ ಸೈಕಲ್ ಎಂದೂ ಇಷ್ಟು ಆಂಪಿಯರ್ ಅವರ್ ಎಂದೂ ಇದ್ದರೆ ಅದು ಮನೆ ಬ್ಯಾಟರಿ. ಎರಡನ್ನೂ ಬೇರೆ ಬೇರೆ ಇಡಿ. ಹಳೆಯದರ ಜೊತೆ ಹೊಸದನ್ನು ಕಟ್ಟಬೇಡಿ. ವಾಲಿದ ದೋಣಿಯಲ್ಲಿ ನೀರು ತುಂಬಿಸಬೇಡಿ. ಓದುವುದು ನಿಮ್ಮ ಕೆಲಸವಲ್ಲ ಎಂದವನು ಕೊಟ್ಟ ಕಾಗದವನ್ನು ಎರಡು ಸಲ ಓದಿ. ಮಂಜಿನಲ್ಲಿ ನೀರು ಮೊಗೆಯುವವರು ನೀವು, ಅವನಲ್ಲ.

“ಉಳಿದ ಹತ್ತು ದೋಣಿಯವರು ಯಾರೂ ತಕರಾರು ಮಾಡಿಲ್ಲ,” ಎಂದ ಮ್ಯಾನೇಜರು.

“ಅವರ ದೀಪ ಇನ್ನೂ ಆರಿಲ್ಲ,” ಎಂದಳು ಸೊಸೆ.

ಮಗ ಆಗಲೇ ಚಪ್ಪಲಿ ಮೆಟ್ಟಿದ್ದ. “ಹತ್ತೂ ಮನೆಗೆ ಹೇಳಿ ಬರ್ತೀನಿ,” ಎಂದು ಮ್ಯಾನೇಜರನ್ನು ದಾಟಿಕೊಂಡು ಹೊರಟ.

“ವಾಲಿದ ದೋಣೀಲಿ ನೀರು ತುಂಬಿಸಿದ್ದು ನಮ್ಮ ತಪ್ಪು,” ಎಂದಳು ತಾಯಿ. “ಅದನ್ನ ನನ್ನ ಕೈಯಾರೆ ಬರೆದು ಕೊಡ್ತೀನಿ. ಲಾರಿ ಬ್ಯಾಟರಿಗೆ ಸುಳ್ಳು ಚೀಟಿ ಅಂಟಿಸಿದ್ದು ನಿಮ್ಮ ತಪ್ಪು. ಅದನ್ನ ನೀವು ಬರೀರಿ.”

“ದೋಣಿ ಕೊಳೆಯುತ್ತೆ ಕಣಮ್ಮ. ಮೊದಲು ಸಹಿ ಹಾಕು.”

ಅವಳು ಕಿತ್ತ ಚೀಟಿಯನ್ನು ಸೂಜಿಯಿಂದ ತನ್ನ ಹಾಯಿಗೇ ಚುಚ್ಚಿ ನಿಲ್ಲಿಸಿದಳು.

“ಹಾಕಲ್ಲ.”