ಹೊಟ್ಟೆಬಾಕ ಹೊಲ

"ನೋಡಿದ್ಯಾ? ಇದೂ ಮಂಗಮಾಯ!" ಟೈಲರ್ ಮಾವ ಏಳನೇ ಬಕೆಟ್ಟನ್ನು ಬೋರಲು ಹಾಕಿ ನಕ್ಕರು. ನೀರು ಎಷ್ಟು ಬೇಗ ಇಂಗುತ್ತದೆಂದು ಅಳೆಯಲು ನೆಲಕ್ಕೆ ಅರ್ಧ ಹೂತಿದ್ದ ಕಬ್ಬಿಣದ ಬಳೆಯೊಳಗೆ ಒದ್ದೆ ಜಲ್ಲಿಕಲ್ಲು ಮಾತ್ರ ಮಿನುಗುತ್ತಿತ್ತು.

ಬಳೆ ಕೂತಿದ್ದದ್ದು ಸರಿಯಾಗಿ ಅವರ ಅಡುಗೆಮನೆಯ ನಡುವೆ. ಮನೆ ಇನ್ನೂ ಎದ್ದಿರಲಿಲ್ಲ. ಕೊರಳಲ್ಲಿ ಸದಾ ನೇತಾಡುವ ಟೇಪಿನಿಂದ ಅಳೆದು ಮೂಲೆಗೊಂದು ಕಲ್ಲು ನೆಟ್ಟಿದ್ದರು. ಬಾಡಿಗೆ ಕೋಣೆಗಳಲ್ಲೇ ತಲೆ ನರೆತವರಿಗೆ ಉಳಿದಿದ್ದದ್ದು ಇದೊಂದೇ ಆಸೆ. ಆದರೆ ಹೊಸ ಭೂಬಳಕೆ ನಿಯಮ ಬರುತ್ತಿತ್ತು. ಒಳ್ಳೆಯ ಹೊಲ, ನೀರಿನ ನೆಲೆ ಎಂದು ನಕ್ಷೆಯಲ್ಲಿ ಬಣ್ಣ ಬಿದ್ದ ಕಡೆ ಇನ್ನು ಮನೆ ಕಟ್ಟುವಂತಿಲ್ಲ. ಸರ್ಕಾರದ ಕಡೆಯಿಂದ ನೆಲದ ಪರೀಕ್ಷೆಗೆ ಬಂದವಳು ಅಕ್ಕನ ಮಗಳು ಪುಟ್ಟಿಯೇ ಆದ್ದರಿಂದ ಮಾವನಿಗೆ ಧೈರ್ಯ.

"ನಿಮ್ಮತ್ತೆ ಇದಕ್ಕೆ ಹೊಟ್ಟೆಬಾಕ ಅಂತಾನೇ ಹೆಸರಿಟ್ಟಿದ್ಲು. ಎಷ್ಟು ಮಳೆ ಸುರಿದ್ರೂ ಮೂರೇ ದಿನಕ್ಕೆ ಪೈರು ಬಾಡೋದು. ಬರ್ಕೋ ಪುಟ್ಟಿ, ಕೆಲಸಕ್ಕೆ ಬಾರದ್ದು!"

ಪುಟ್ಟಿ ಬರೆಯಲಿಲ್ಲ. "ಇನ್ನೊಂದ್ಸಲ ಮಾವ. ಈ ಸಲ ನೀವೇ ಅಳೀರಿ."

ಅವಳು ಮತ್ತೆ ಬಳೆ ತುಂಬಿಸಿದಳು. ಮಾವ ಮಂಡಿಯೂರಿ ಟೇಪು ಇಳಿಬಿಟ್ಟರು. ಕಾಲು ಗಂಟೆಗೆ ನೀರು ಮೂರು ಇಂಚು ಇಳಿದಿತ್ತು.

"ಗಂಟೆಗೆ ಎರಡು ಇಂಚು ಇಂಗಿದ್ರೂ ಸಾಕು, ಕಾಪಾಡ್ಬೇಕು ಅನ್ನತ್ತೆ ನಿಯಮ. ಇಲ್ಲಿ ಹನ್ನೆರಡು. ಕೆಳಗಿನ ಬಾವಿಗಳಿಗೆಲ್ಲ ನೀರು ಹೋಗೋದು ಇಲ್ಲಿಂದಾನೇ ಮಾವ."

"ಅಯ್ಯೋ, ನನ್ನ ಬಟ್ಟೆಗೆ ನಾನೇ ಕತ್ತರಿ ಹಾಕ್ಕೊಂಡ್ನಲ್ಲೇ!"

"ಮನೆ ಕಟ್ಟೋಕೆ ಬಿಡಿ ಅಂತ ಕೇಳೋ ಆಕ್ಷೇಪಣೆ ಅರ್ಜಿ ತಂದಿದ್ದೀನಿ. ಇವತ್ತೇ ಕಡೇ ದಿನ, ಸಂಜೆ ಐದರೊಳಗೆ ಕೊಡಬಹುದು."

ಮಾವ ಅರ್ಜಿಯನ್ನು ಮೂಲೆಗಲ್ಲಿನ ಬುಡಕ್ಕೆ ಸಿಕ್ಕಿಸಿದರು. ಬಳೆಯೊಳಗೆ ಬಗ್ಗಿ ನೋಡಿದರು. "ನೀರು ಇಲ್ಲಿಂದ ಬಾವಿಗೆ ಹೋಗೋಕೆ ಎಷ್ಟು ದಿನ?"

"ದಿನ ಅಲ್ಲ ಮಾವ. ನಮ್ಮ ಅಂದಾಜಲ್ಲಿ ಹನ್ನೊಂದು, ಹನ್ನೆರಡು ವರ್ಷ."

ಬೆಳಿಗ್ಗೆ ಕೆಳಗಿನ ಬಾವಿಯಿಂದಲೇ ತುಂಬಿಸಿ ತಂದಿದ್ದ ಬಾಟಲಿಯನ್ನು ಮಾವ ಬಿಸಿಲಿಗೆ ಹಿಡಿದರು. ಹೆಂಡತಿ ತೀರಿಕೊಂಡು ಹತ್ತು ವರ್ಷವಾಗಿತ್ತು.

"ಹಾಗಾದ್ರೆ ಇದು... ಅವಳು ಕೊಡೆ ಹಿಡ್ಕೊಂಡು ಇಲ್ಲೇ ನಿಂತು ಬೈತಿದ್ಲಲ್ಲ, ಆ ಮಳೆ?"

"ಇರಬಹುದು."

ಮಾವ ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗಿದರು. ಉಳಿದದ್ದನ್ನು ಬಳೆಯೊಳಗೆ ಸುರಿದು ಟೇಪು ಇಳಿಬಿಟ್ಟರು. ಗಾಳಿಗೆ ಅರ್ಜಿ ಪಟಪಟ ಹೊಡೆದುಕೊಳ್ಳುತ್ತಿತ್ತು. ನಾಲ್ಕೂವರೆಯಾಯಿತೆಂದು ನೆನಪಿಸಲು ಪುಟ್ಟಿ ಬಾಯಿ ತೆರೆದಳು.

ಮಾವ ತಲೆಯೆತ್ತದೆ ಕೈ ಅಡ್ಡ ಹಿಡಿದರು. "ಶ್... ಹೋಗ್ತಿದೆ."