ಗಾಳಿ ಸಾಲದ ಉರಿ

ರಜೆ ಮುಗಿಸಿ ಶಾಲೆಗೆ ಬಂದ ದಿನವೇ ವಿಜ್ಞಾನದ ಟೀಚರಿಗೆ ಎದುರಾದ ಪಾಠ ‘ದಹನ ಮತ್ತು ಜ್ವಾಲೆ’. ಯಾರ ಮನೆಯಲ್ಲಿ ಏನಾಯಿತು ಎಂದು ವಿಚಾರಿಸಿಕೊಂಡು ಪಾಠದ ಸರದಿ ಬದಲಿಸುವಷ್ಟು ವ್ಯವಧಾನ ಪಠ್ಯಪುಸ್ತಕಗಳಿಗೆ ಎಲ್ಲಿಯದು? ಹದಿನೈದು ದಿನದ ಹಿಂದೆ ಅವಳ ಅಣ್ಣ ಸಂಜೆ ಸ್ನಾನಕ್ಕೆ ಹೋದವನು ಎದ್ದು ಬರಲಿಲ್ಲ. ಪಕ್ಕದ ಮನೆಯವರು ಬಾಗಿಲು ಒಡೆದಾಗ ಗ್ಯಾಸ್ ಗೀಸರ್ ಉರಿಯುತ್ತಲೇ ಇತ್ತು, ಅವನು ಗೋಡೆಗೆ ಒರಗಿ ಕುಳಿತಿದ್ದ. ಬೀದಿಗೆಲ್ಲ ಗೊತ್ತಿದ್ದ ಈ ಸುದ್ದಿ ಅವಳ ತರಗತಿಗೂ ಗೊತ್ತಿತ್ತು.

ಈ ಒಂದು ಪಾಠ ಗಣಿತದ ಮೇಷ್ಟ್ರು ಮಾಡಲಿ ಎಂದು ಹೆಡ್‌ಮಿಸ್ ಹೇಳಿ ನೋಡಿದರು. ಟೀಚರು ಬೇಡವೆಂದಳು. ಸ್ಟಾಫ್‌ರೂಮಿನಲ್ಲಿ ಎಲ್ಲರೂ ಅವಳ ಧೈರ್ಯವನ್ನು ಕೊಂಡಾಡಿದರು. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ. ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೆ. ಹಲ್ಲು ಕೀಳುವ ಮೊದಲು ಒಸಡಿಗೆ ಸೂಜಿ ಚುಚ್ಚುತ್ತಾರಲ್ಲ, ಆ ಮರಗಟ್ಟುವಿಕೆ ಮೈತುಂಬ ಹಬ್ಬಿದಂತಿತ್ತು. ಅಣ್ಣ ಹೋದಮೇಲೆ ಅವಳು ಒಂದು ಹನಿ ಕಣ್ಣೀರು ಹಾಕಿರಲಿಲ್ಲ.

ಮನೆಯಲ್ಲಿ ಅಳುವುದಕ್ಕೆ ಜಾಗವೂ ಇರಲಿಲ್ಲ. ಅಮ್ಮ ಇಡೀ ಮನೆಯನ್ನು ಒಂದೇ ಮಾತಿನಿಂದ ತುಂಬಿಬಿಟ್ಟಿದ್ದಳು: ಉಸಿರು ಕಟ್ಟಿದಾಗ ಮಗ ಕೂಗಿರುತ್ತಾನೆ, ಗೋಡೆಯ ಆಚೆ ಅಡುಗೆಮನೆಯಲ್ಲಿದ್ದ ಸೊಸೆ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತಿಗೆಯ ಜೊತೆ ಅಮ್ಮ ಮಾತು ಬಿಟ್ಟಿದ್ದಳು. ಎದುರಿಗೇ ಇದ್ದರೂ ‘ಅವಳು’ ಎನ್ನುತ್ತಿದ್ದಳು. ಅವಳು ಕೈ ತಾಗಿಸಿದ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ, ಅವಳನ್ನು ತವರಿಗೆ ಕಳಿಸಿಬಿಡಿ ಎಂದು ಹಟ ಹಿಡಿದು ಕೂತಿದ್ದಳು. ಭಾನುವಾರ ಅತ್ತಿಗೆಯ ಅಣ್ಣ ಬಂದು ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು. ಅತ್ತಿಗೆ ಎದುರಾಡಲಿಲ್ಲ, ಬಟ್ಟೆ ಮಡಚಿ ಪೆಟ್ಟಿಗೆಗೆ ತುಂಬಿಟ್ಟಳು. ಟೀಚರು ಇದನ್ನೆಲ್ಲ ಯಾರದೋ ಮನೆಯ ರಗಳೆ ನೋಡಿದ ಹಾಗೆ ನೋಡುತ್ತಿದ್ದಳು.

ತರಗತಿಯಲ್ಲಿ ಮೇಣದ ಬತ್ತಿ ಹಚ್ಚಿದಳು. ಮಕ್ಕಳು ಜ್ವಾಲೆಯನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದವು. ನನ್ನ ಮುಖದಲ್ಲಿ ಪ್ರಶ್ನೆಪತ್ರಿಕೆ ಇಲ್ಲ, ಬತ್ತಿ ನೋಡಿ ಎಂದು ಗದರಿದಳು. ಆಮೇಲೆ ಪಾಠ ತನ್ನಷ್ಟಕ್ಕೆ ತಾನೇ ಓಡಿತು. ಉರಿಯುವುದು ದಾರವಲ್ಲ, ಕರಗಿ ಆವಿಯಾದ ಮೇಣ. ದಾರದ ಸುತ್ತ ಕಪ್ಪಗೆ ಕಾಣುವಲ್ಲಿ ಆ ಆವಿ ಇನ್ನೂ ಹೊತ್ತಿಕೊಂಡಿರುವುದಿಲ್ಲ. ತೀರಾ ಹೊರಗಿನ ತೆಳು ನೀಲಿ ಅಂಚಿಗೆ ಬೇಕಾದಷ್ಟು ಗಾಳಿ ಸಿಗುತ್ತದೆ, ಅಲ್ಲಿ ಪೂರ್ತಿ ಉರಿಯುತ್ತದೆ. ನಡುವಿನ ಹಳದಿ, ಎಲ್ಲರೂ ಚೆಂದ ಎನ್ನುವ ಹಳದಿ, ಅರೆಬರೆ ಉರಿದದ್ದು. ಅದಕ್ಕೊಂದು ಬಿಳಿ ಪಿಂಗಾಣಿ ಬಿಲ್ಲೆ ಹಿಡಿದಳು. ಬಿಲ್ಲೆಗೆ ಮಸಿ ಹತ್ತಿತು. ಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿದಳು. ಉರಿ ಕುಗ್ಗಿತು, ಮಂಕಾಯಿತು, ನಂದಿತು.

ಗಾಳಿ ಸಾಲದೆ ಅರೆಬರೆ ಉರಿದರೆ ಮಸಿಯೊಂದೇ ಅಲ್ಲ, ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವೂ ಹುಟ್ಟುತ್ತದೆ ಎಂದಳು. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂತುಬಿಡುತ್ತದೆ.

ಮುಂದಿನ ಬೆಂಚಿನ ವಾಚಾಳಿ ಹುಡುಗಿಯೊಬ್ಬಳು ಎದ್ದು ನಿಂತಳು. ಪಕ್ಕದವಳು ಲಂಗ ಜಗ್ಗಿದರೂ ಕೂರಲಿಲ್ಲ.

“ಆಗ ಉಸಿರು ಕಟ್ಟಲ್ವಾ ಮಿಸ್? ಕೂಗ್ಬೇಕು ಅನ್ಸಲ್ವಾ?”

“ಕಟ್ಟಲ್ಲ. ಉಸಿರು ಆಡ್ತಾನೇ ಇರುತ್ತೆ. ತಲೆ ಭಾರ ಆಗುತ್ತೆ, ಜೊಂಪು ಹತ್ತುತ್ತೆ. ಕೂಗ್ಬೇಕು ಅಂತ ಗೊತ್ತಾಗೋ ಹೊತ್ತಿಗೆ ಎಚ್ಚರವೇ ಇರಲ್ಲ.”

ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ವರ್ಷವರ್ಷವೂ ಇದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ತನ್ನ ಮನೆಯ ಬಚ್ಚಲಿಗೆ ಅನ್ವಯಿಸಿ ನೋಡಿರಲಿಲ್ಲ. ಅಣ್ಣ ಕೂಗಿರಲಿಲ್ಲ. ಅತ್ತಿಗೆಗೆ ಕೇಳಿಸುವಂಥದ್ದು ಏನೂ ಇರಲಿಲ್ಲ.

ಇದನ್ನು ಅಮ್ಮನಿಗೆ ಬಿಡಿಸಿ ಹೇಳಿದರೆ ಅತ್ತಿಗೆ ಉಳಿದುಕೊಳ್ಳುತ್ತಾಳೆ ಎಂದುಕೊಂಡು ಸಂಜೆ ಬಿರಬಿರನೆ ಮನೆಗೆ ನಡೆದಳು. ನಡೆಯುತ್ತಿದ್ದ ಹಾಗೆ ಅವಳ ಪಾಠ ಹೇಳುವ ಬುದ್ಧಿ ಇನ್ನೊಂದು ಪ್ರಶ್ನೆ ಎತ್ತಿತು. ಅದೇ ಗೀಸರಿನಲ್ಲಿ ಇಷ್ಟು ವರ್ಷ ಎಲ್ಲರೂ ಸ್ನಾನ ಮಾಡಿದ್ದಾರೆ. ಅವತ್ತು ಮಾತ್ರ ಗಾಳಿ ಸಾಲದೆ ಹೋದದ್ದು ಹೇಗೆ?

ಬ್ಯಾಗನ್ನೂ ಇಳಿಸದೆ ಬಚ್ಚಲಿಗೆ ಹೋಗಿ ತಲೆಯೆತ್ತಿ ನೋಡಿದಳು. ವೆಂಟಿಲೇಟರ್ ತೆರೆದೇ ಇತ್ತು. ಆದರೆ ಅದರ ಚೌಕಟ್ಟಿನ ಸುತ್ತ ಅಂಟಿನ ಹೊಸ ಗುರುತಿತ್ತು. ಒಂದು ಮೂಲೆಯಲ್ಲಿ ಕಂದು ಟೇಪಿನ ತುಂಡು, ಅದಕ್ಕೆ ಹತ್ತಿಕೊಂಡ ರಟ್ಟಿನ ಸಿಬಿರು. ಆ ಟೇಪು ಆ ಮನೆಯಲ್ಲಿ ಒಬ್ಬರ ಕೈಯಲ್ಲಿ ಮಾತ್ರ ಓಡಾಡುತ್ತಿತ್ತು. ಚಳಿ ಶುರುವಾದರೆ ಸಾಕು, ಅಮ್ಮ ಕಿಟಕಿಯ ಸಂದಿ, ಬಾಗಿಲಿನ ಬಿರುಕು ಒಂದನ್ನೂ ಬಿಡದೆ ಮೆತ್ತುತ್ತಿದ್ದಳು. ಅಮ್ಮ ಒಂದಲ್ಲ ಒಂದು ದಿನ ನಮ್ಮ ಬಾಯಿಗೂ ಅಂಟಿಸುತ್ತಾಳೆ ಎಂದು ಅಣ್ಣ ರೇಗಿಸುತ್ತಿದ್ದ. ಆ ವಾರ ಅವನಿಗೆ ನೆಗಡಿಯಾಗಿತ್ತು.

ಅತ್ತಿಗೆ ಹಿಂದೆ ಬಂದು ನಿಂತಿದ್ದಳು. ಟೀಚರು ಮೇಲೆ ಕೈ ತೋರಿಸಿದಳು.

“ಬಾಗಿಲು ಒಡೆದಾಗ ಮೊದಲು ಕಣ್ಣಿಗೆ ಬಿದ್ದಿದ್ದೇ ಆ ರಟ್ಟು,” ಎಂದಳು ಅತ್ತಿಗೆ. “ಎಲ್ಲರೂ ಅವರನ್ನ ಎತ್ಕೊಂಡು ಹೋದ್ರು. ನಾನು ಬಕೆಟ್ ಬೋರಲು ಹಾಕಿ ಹತ್ತಿ ಕಿತ್ತುಬಿಟ್ಟೆ. ಅತ್ತೆ ನೋಡಬಾರದು ಅನ್ನಿಸ್ತು.”

ಅಮ್ಮನಿಗೆ ಹೇಳಿಬಿಡೋಣ ಎಂದಳು ಟೀಚರು. ಅತ್ತಿಗೆ ಬೇಡವೆಂದು ತಲೆಯಾಡಿಸಿದಳು. ವೆಂಟಿಲೇಟರ್ ತೆರೆದಿದ್ದನ್ನು ಕಂಡು, ಮಗನೇ ರಟ್ಟು ತೆಗೆದು ಸ್ನಾನಕ್ಕೆ ಕೂತಿದ್ದ ಎಂದು ಅತ್ತೆ ನಂಬಿಕೊಂಡಿದ್ದಾರೆ, ನಂಬಿಕೊಂಡೇ ಇರಲಿ ಎಂಬುದು ಅವಳ ವಾದ.

“ನನ್ನ ಮೇಲೆ ಸಿಟ್ಟು ಮಾಡ್ಕೊಂಡಾದ್ರೂ ಬದುಕ್ತಾರೆ. ನನಗೆ ಹೋಗೋಕೆ ತವರು ಇದೆ. ಅವರು ಇದನ್ನ ಇಟ್ಕೊಂಡು ಎಲ್ಲಿಗೆ ಹೋಗ್ತಾರೆ?”

ಒಬ್ಬರನ್ನು ಉಳಿಸುವ ವಿಜ್ಞಾನ ಇನ್ನೊಬ್ಬರ ಕುತ್ತಿಗೆಗೆ ಬರುತ್ತಿತ್ತು. ಹಾಗೆಂದು ಅತ್ತಿಗೆಯನ್ನು ಬಲಿ ಕೊಡುವುದಕ್ಕೂ ಟೀಚರ ಮನಸ್ಸು ಒಪ್ಪಲಿಲ್ಲ. ತರಗತಿಯಲ್ಲಿ ಅರ್ಧ ಅಂಕದ ತಪ್ಪನ್ನೂ ಬಿಡದವಳು ಆ ಸಂಜೆ ಊಟಕ್ಕೆ ಕೂರುವಷ್ಟರಲ್ಲಿ ಒಂದು ಸುಳ್ಳನ್ನು ಹೊಸೆದಿಟ್ಟುಕೊಂಡಳು.

ಅಮ್ಮನ ಪಕ್ಕ ಕೂತು, ಅಣ್ಣನಿಗೆ ಕೂಗಲು ಆಗುತ್ತಲೇ ಇರಲಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಿದ ಹಾಗೆಯೇ ಹೇಳಿದಳು. ಜೊಂಪು ಹತ್ತಿದ್ದು, ನೋವಿಲ್ಲದ್ದು, ಗೋಡೆಯಾಚೆ ಯಾರೇ ಇದ್ದರೂ ಏನೂ ಕೇಳಿಸುತ್ತಿರಲಿಲ್ಲ ಎಂಬುದು, ಎಲ್ಲವನ್ನೂ ಬಿಡಿಸಿಟ್ಟಳು. ಅಮ್ಮ ತಟ್ಟೆ ನೋಡುತ್ತ ಕೇಳಿಸಿಕೊಂಡಳು. ಆಮೇಲೆ ಕೇಳಿದಳು.

“ಮತ್ತೆ ಆ ಗಾಳಿ ಕೆಟ್ಟಿದ್ದು ಯಾಕೆ?”

“ಗೀಸರಿನ ಬರ್ನರ್ ತೂತಲ್ಲಿ ಮಸಿ ಕಟ್ಕೊಂಡಿತ್ತಮ್ಮ. ಹಾಗಾದ್ರೆ ಉರಿ ಸರಿಯಾಗಿ ಹತ್ತಲ್ಲ. ವೆಂಟಿಲೇಟರ್ ತೆಗೆದಿದ್ರೂ ಅಷ್ಟೇ, ಮುಚ್ಚಿದ್ರೂ ಅಷ್ಟೇ.”

ಟೀಚರ ತಟ್ಟೆಗೆ ಬಡಿಸುತ್ತಿದ್ದ ಅತ್ತಿಗೆ ಕೈ ನಿಲ್ಲಿಸಿದಳು. ವೆಂಟಿಲೇಟರಿನ ವಿಷಯ ಯಾರೂ ಕೇಳಿರಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಬೇಡದ್ದನ್ನೂ ಸೇರಿಸಿ ಹೇಳುತ್ತಾರೆ.

ಅಮ್ಮ ಮಗಳ ಮುಖ ನೋಡಿದಳು. ಆಮೇಲೆ ತಿರುಗಿ, ಎಷ್ಟೋ ದಿನಗಳ ಮೇಲೆ, ಸೊಸೆಯ ಮುಖ ನೋಡಿದಳು. ತುಂಬ ಹೊತ್ತು ನೋಡಿದಳು.

“ನಾಲ್ಕು ಸುತ್ತು ಟೇಪು ಹಚ್ಚಿದ್ದೆ ನಾನು,” ಎಂದಳು. “ಕೀಳುವಾಗ ನಿನ್ನ ಉಗುರು ಕಿತ್ತು ಬರಲಿಲ್ವಾ?”

ಅತ್ತಿಗೆ ಕೈಯನ್ನು ಬೆನ್ನ ಹಿಂದೆ ಸರಿಸಿದಳು. ಅಮ್ಮ ಅದನ್ನು ಎಳೆದುಕೊಂಡು, ಒಂದೊಂದೇ ಬೆರಳು ಬಿಡಿಸಿ ನೋಡಿ, ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಟೀಚರಿಗೆ ಎದೆಯೊಳಗೆ ಎಲ್ಲೋ ನೋವು ಶುರುವಾಯಿತು. ಅವಳು ಎದ್ದು ಹೋಗದೆ ಅಲ್ಲೇ ಕೂತು ಅತ್ತಳು.

ಭಾನುವಾರ ಅತ್ತಿಗೆಯ ಅಣ್ಣ ಬಂದ. ಊಟ ಮಾಡಿಕೊಂಡು ಒಬ್ಬನೇ ವಾಪಸು ಹೋದ.