ದಾರದ ಆಚೆ

“ಅರ್ಧ ಚೀಲ ತುಂಬಿ ಬಾಯಿ ಕಟ್ತೀಯೇನೇ, ಬೇವರ್ಸಿ? ಇದು ನಿಮ್ಮಪ್ಪನ ಮನೆ ಗೋಡೆ ಅಲ್ಲ, ದೇಶದ್ದು!”

ಇಂಜಿನಿಯರು ನನ್ನ ಚೀಲವನ್ನು ಬೂಟಿನಿಂದ ಒದ್ದ. ಮರಳು ಚೆಲ್ಲಿತು.

ಅದು ನಮ್ಮದೇ ಮರಳು. ಕಡಲಿಗೂ ನಮ್ಮ ಮನೆಗಳಿಗೂ ನಡುವೆ ಇದ್ದ ದಿಬ್ಬವನ್ನು ನಾವೇ ಅಗೆದಿದ್ದೆವು. ಕಡಲು ವರ್ಷವರ್ಷಕ್ಕೂ ಏರುತ್ತಿದೆ, ದಿಬ್ಬ ಹೇಗೂ ಉಳಿಯುವುದಿಲ್ಲ, ಅದೇ ಜಾಗದಲ್ಲಿ ಗೋಡೆ ಬರುತ್ತದೆ ಎಂದು ಮೇಸ್ತ್ರಿ ಹೇಳಿದ್ದ. ಮೇಸ್ತ್ರಿ ನನ್ನ ಒಡಹುಟ್ಟಿದ ಅಣ್ಣ. ಬೇರೆ ಯಾರು ಹೇಳಿದ್ದರೂ ನಾವು ಗುದ್ದಲಿ ಎತ್ತುತ್ತಿರಲಿಲ್ಲ.

ಈಗ ದಿಬ್ಬವಿದ್ದಲ್ಲಿ ಹೊಂಡ. ಬೆಳಗಿನ ಉಬ್ಬರಕ್ಕೇ ಪಕ್ಕದ ಮನೆ ಅತ್ತೆಯ ಒಲೆ ತೋಯ್ದಿತ್ತು. ಅಣ್ಣ ಗೋಡೆಯ ಗುರುತಿಗೆ ಗೂಟ ಹೊಡೆದು ದಾರ ಎಳೆಯುತ್ತಿದ್ದ. ನಮ್ಮ ಮನೆಗಳ ಹಿಂದುಗಡೆ, ಬಂದರಿನ ಗೋದಾಮುಗಳಿಗೆ ತಾಗಿಕೊಂಡು.

“ಅಣ್ಣಾ, ದಾರ ಈ ಕಡೆ ಬಂತಲ್ಲೋ.”

ಅವನು ಉಂಡೆಯಿಂದ ಇನ್ನೊಂದು ಮಾರು ದಾರ ಬಿಚ್ಚಿದ.

“ಸರಿಯಾಗೇ ಇದೆ,” ಅಂದ ಇಂಜಿನಿಯರು. “ಬಂದರು ಮುಳುಗಿದ್ರೆ ಎಣ್ಣೆ ಬರಲ್ಲ, ಗೋಧಿ ಬರಲ್ಲ, ಊರೂರಲ್ಲೂ ಲೂಟಿ. ದೇಶದ ಭದ್ರತೆ ಅಂದ್ರೆ ಗೊತ್ತೇನೇ ನಿಂಗೆ?”

“ಹಂಗಾರೆ ನಮ್ ಮನೆ ಗೋಡೆ ಹೊರಗಾ?” ಅತ್ತೆ ಕೇಳಿದಳು.

“ಹೊರಗೇ.”

“ಅಯ್ಯೋ, ಕೂತಲ್ಲೇ ಫಾರಿನ್ ಆಯ್ತಲ್ರೇ ನಮ್ದು!”

ಚೀಲ ತುಂಬುತ್ತಿದ್ದ ಹೆಂಗಸರು ಗೊಳ್ಳೆಂದರು. ನನಗೆ ನಗು ಬರಲಿಲ್ಲ.

“ನಿಂಗೆ ಮೊದ್ಲೇ ಗೊತ್ತಿತ್ತಾ?” ಅಣ್ಣನನ್ನು ಕೇಳಿದೆ.

“ಒಳಗಡೆ ನಂಗೊಂದು ಕ್ವಾರ್ಟರ್ಸ್ ಕೊಡ್ತಾರಂತೆ,” ಅಂದ ಮೆಲ್ಲಗೆ. “ಅಮ್ಮನ್ನ ಕರ್ಕೊಂಡ್ ಹೋಗ್ತೀನಿ. ಬೇಕಾದ್ರೆ ನೀನೂ ಬಾ.”

“ಇವ್ರೆಲ್ಲಾ?”

“ಊರನ್ನೆಲ್ಲ ಹೊತ್ಕೊಂಡ್ ಹೋಗಕ್ಕಾಗತ್ತೇನೇ?”

“ಥೂ, ಹಲ್ಕಾ! ನಮ್ ಕೈಲೇ ನಮ್ ಬಾಗ್ಲು ಕೀಳಿಸಿದ್ಯಲ್ಲೋ!”

ದಾರದ ತುದಿ ಕಟ್ಟಿದ್ದ, ಕಾಲ ಬಳಿಯ ಗೂಟವನ್ನು ಕಿತ್ತೆ. ಅದನ್ನು ಹಿಡಿದು ಮನೆಗಳ ಸಂದಿಯಲ್ಲಿ ಕಡಲ ಕಡೆಗೆ ನಡೆದೆ. ಅಣ್ಣನ ಕೈಯಲ್ಲಿದ್ದ ಉಂಡೆಯಿಂದ ದಾರ ಬಿಚ್ಚಿಕೊಳ್ಳುತ್ತ ಹಿಂದೆಯೇ ಬಂತು. ಬಂದರಿನ ಕಾವಲಿನವರು ಸೀಟಿ ಊದಿದರು. ಇಂಜಿನಿಯರು ಒದ್ದಿದ್ದ ಚೀಲವನ್ನು ಸೊಂಟಕ್ಕೇರಿಸಿಕೊಂಡು ಅತ್ತೆ ಬಂದಳು. ಅವಳ ಹಿಂದೆ ಉಳಿದವರು, ಒಬ್ಬೊಬ್ಬರೂ ಒಂದೊಂದು ಚೀಲ ಹೊತ್ತು.

ಹೊಂಡದ ಮೊಣಕಾಲುದ್ದ ನೀರಿನಲ್ಲಿ ನಿಂತು ಗೂಟ ಊರಿದೆ.

“ಅಣ್ಣಾ, ಆ ತುದಿ ಈ ಕಡೆ ತಗೊಂಡ್ ಬಾರೋ!”

ದಾರ ಸಡಿಲಾಗಲಿಲ್ಲ. ಅಣ್ಣ ಎಳೆದ, ಬಿಗಿಯಾಯಿತು. ಗೂಟ ಅಲುಗಿತು.

ಅತ್ತೆ ಆ ಅರ್ಧ ಚೀಲವನ್ನು ಗೂಟದ ಬುಡಕ್ಕೆ ಒಗೆದಳು.